ಬಾಗಿಲ ಹಿಡಿ ಬದಲಿಸುವ ಮೊದಲು ಬಾಗಿಲನ್ನೊಮ್ಮೆ ಎತ್ತಿ ನೋಡಿ

ಹೋದ ವರ್ಷ ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಬೆಳಿಗ್ಗೆ ನನ್ನ ಅತ್ತೆ ಬಚ್ಚಲುಮನೆಯೊಳಗೆ ಸಿಕ್ಕಿಹಾಕಿಕೊಂಡರು. ಅವರಿಗೆ 78 ವರ್ಷ. ಹೊರಗೆ ಮಳೆ ಬಿಡದೆ ಹೊಡೆಯುತ್ತಿತ್ತು. ಬಾಗಿಲು ನೀರು ಕುಡಿದು ಉಬ್ಬಿತ್ತು. ಒಳಗಿನ ಟವರ್ ಬೋಲ್ಟ್ (ಸರಳು ಜಾರಿಸಿ ಹಾಕುವ ಚಿಲಕ) ತುಕ್ಕು ಹಿಡಿದು ಬಿಗಿಯಾಗಿತ್ತು. ಅತ್ತೆ ಜೋರಾಗಿ ಎಳೆದಾಗ ಅದರ ಹಿಡಿ ತುಂಡಾಗಿ ಕೈಗೆ ಬಂತು. "ಮಗಾ, ಚಿಲಕ ಕೈಗೇ ಬಂತು" ಎಂದು ಒಳಗಿನಿಂದ ಕೂಗಿದರು. ನಾನು ಹೊರಗಿನಿಂದ ಎಷ್ಟು ತಳ್ಳಿದರೂ ಬಾಗಿಲು ಅಲುಗಲಿಲ್ಲ.

ಪಕ್ಕದ ಮನೆಯ ಕೆಲಸಕ್ಕೆ ಒಬ್ಬರು ಆಚಾರಿ ಬಂದಿದ್ದರು. ಓಡಿಹೋಗಿ ಕರೆದುಕೊಂಡು ಬಂದೆ. ಅವರು ಬಾಗಿಲನ್ನು ಮುಟ್ಟಲೇ ಇಲ್ಲ. ಸುತ್ತಿ ಹಿಂದೆ ಹೋಗಿ, ಸ್ಟೂಲಿನ ಮೇಲೆ ನಿಂತು, ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ತೆಗೆದರು. ಇಕ್ಕಳಕ್ಕೆ ಹಗ್ಗ ಕಟ್ಟಿ ಒಳಗೆ ಇಳಿಸಿದರು. "ಅಮ್ಮಾ, ಮುರಿದ ತುಂಡನ್ನು ಇಕ್ಕಳದಲ್ಲಿ ಗಟ್ಟಿ ಹಿಡೀರಿ. ಮೊದಲು ಅತ್ತ ಇತ್ತ ಸ್ವಲ್ಪ ತಿರುಗಿಸಿ, ಮತ್ತೆ ಎಳೀರಿ. ಅವಸರ ಬೇಡ." 40 ನಿಮಿಷ ಆದ ಮೇಲೆ ಅತ್ತೆ ಹೊರಗೆ ಬಂದರು. ಕೈ ನಡುಗುತ್ತಿತ್ತು. ಆ ದಿನವಿಡೀ ಅವರು ಹೆಚ್ಚು ಮಾತಾಡಲಿಲ್ಲ.

ಆಮೇಲೆ ನಮ್ಮ ಮನೆಯ ಒಂಬತ್ತು ಬಾಗಿಲುಗಳ ಹಿಡಿ, ಚಿಲಕ, ಲಾಕುಗಳನ್ನು ಒಂದೊಂದಾಗಿ ನಾನೇ ಸರಿ ಮಾಡಿದೆ. ಆಚಾರಿಯವರು ಎರಡು ದಿನ ಪಕ್ಕದಲ್ಲಿ ನಿಂತು ಕಲಿಸಿದರು. ಉಳಿದದ್ದು ಮಾಡುತ್ತಾ ಮಾಡುತ್ತಾ ಗೊತ್ತಾಯಿತು. ನಮ್ಮದು ಉಡುಪಿಗೂ ಮಲ್ಪೆಗೂ ಹತ್ತಿರ, ಕಿದಿಯೂರಿನ ಪಡುಬದಿ. ಕಡಲು ಒಂದು ಕಿಲೋಮೀಟರಿಗಿಂತ ಹತ್ತಿರ ಉಂಟು. ಮುಂದಿನ ಭಾಗ ಹಳೆಯ ಹಂಚಿನ ಮನೆ, ಹಿಂದಿನದು ಆಮೇಲೆ ಕಟ್ಟಿದ ತಾರಸಿ. ಹಾಗಾಗಿ ಹಲಸಿನ ಮರದ ಬಾಗಿಲಿನಿಂದ ಹಿಡಿದು ಸಿಮೆಂಟಿನ ದಾರಂದದವರೆಗೆ (ಬಾಗಿಲಿನ ಚೌಕಟ್ಟು) ಎಲ್ಲವೂ ನಮ್ಮಲ್ಲೇ ಸಿಕ್ಕಿತು.

ಈಗ ಯಾವ ಬಾಗಿಲಿನ ಮುಂದೆ ನಿಂತರೂ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಕಡಲ ಗಾಳಿಗೆ ತಾಳುತ್ತದಾ? ಮನೆಯಲ್ಲಿ ಎಲ್ಲರಿಗಿಂತ ಬಲ ಕಡಿಮೆ ಇರುವ ಕೈಗೆ ಇದು ತೆರೆಯುತ್ತದಾ?

ಮೊದಲು ತಪ್ಪು ಯಾರದು ಎಂದು ನೋಡಿ

ಬಾಗಿಲು ಸರಿಯಾಗಿ ಹಾಕಿಕೊಳ್ಳದಿದ್ದರೆ ನಾವು ಲಾಕನ್ನೇ ಬೈಯುತ್ತೇವೆ. ನಮ್ಮ ಒಂಬತ್ತು ಬಾಗಿಲುಗಳಲ್ಲಿ ಮೂರಕ್ಕೆ ಹೊಸ ಲಾಕು ಬೇಕೇ ಇರಲಿಲ್ಲ. ಬಿಜಾಗರಿಯ ಸ್ಕ್ರೂ ಸಡಿಲವಾಗಿ ಬಾಗಿಲು ಜೋತುಬಿದ್ದಿತ್ತು ಅಷ್ಟೇ. ಬಾಗಿಲು ಮೂರು ಮಿಲಿಮೀಟರು ಕೆಳಗಿಳಿದರೆ ಸಾಕು, ಲಾಕಿನ ನಾಲಗೆ ದಾರಂದದ ತೂತಿಗೆ ಸಿಗದೆ ಕೆಳಗಿನ ಅಂಚಿಗೆ ಬಡಿಯುತ್ತದೆ. ನಾವು ಹಿಡಿ ಎತ್ತಿ, ಒತ್ತಿ, ದೂಡಿ ಹಾಕುತ್ತೇವೆ. ಹಾಗೆ ವರ್ಷಗಟ್ಟಲೆ ಮಾಡಿದಾಗ ಹಿಡಿಯ ಸ್ಪ್ರಿಂಗು ಹೋಗುತ್ತದೆ. ಅಲ್ಲಿಗೆ ಹೊಸ ಹಿಡಿ ಹಾಕಿದರೆ ಅದರದ್ದೂ ಅದೇ ಗತಿ.

ಪರೀಕ್ಷೆ ಸುಲಭ. ಬಾಗಿಲನ್ನು ಅರ್ಧ ತೆರೆದು, ಹಿಡಿ ಇರುವ ಬದಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ. ಇಡೀ ಬಾಗಿಲು ಟಕ್ ಎಂದು ಮೇಲೆ ಬಂದರೆ ಬಿಜಾಗರಿ ಸಡಿಲ. ಮೇಲಿನ ಬಿಜಾಗರಿಯನ್ನು ಮೊದಲು ನೋಡಿ, ಜಾಸ್ತಿ ಭಾರ ಬೀಳುವುದು ಅದರ ಮೇಲೆ.

ಅಲುಗದಿದ್ದರೆ ಎರಡನೇ ಪರೀಕ್ಷೆ. ಅತ್ತೆಯ ವೀಳ್ಯದ ತಟ್ಟೆಯಿಂದ ಒಂದು ಚೂರು ಸುಣ್ಣ ತೆಗೆದು, ಲಾಕಿನ ನಾಲಗೆಯ ತುದಿಗೆ ತೆಳ್ಳಗೆ ಹಚ್ಚಿ. ಬಾಗಿಲನ್ನು ಮೆಲ್ಲಗೆ ಹಾಕಿ ತೆರೆಯಿರಿ. ದಾರಂದದ ತಗಡಿನ ಮೇಲೆ ಬಿಳಿ ಗುರುತು ಬೀಳುತ್ತದೆ. ತೂತಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ, ಎಷ್ಟು ಬದಿಗೆ ಎಂದು ಕಣ್ಣಿಗೇ ಕಾಣುತ್ತದೆ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಅರದಿಂದ ತಗಡಿನ ತೂತನ್ನು ಸ್ವಲ್ಪ ಉಜ್ಜಿ ದೊಡ್ಡದು ಮಾಡಿದರೆ ಮುಗಿಯಿತು. ಹೊಸ ಲಾಕಿನ ದುಡ್ಡು ಉಳಿಯಿತು, ಅಲ್ವಾ?

ಮೂರನೆಯದು ಉಬ್ಬು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಮರ ಗಾಳಿಯ ತೇವವನ್ನೇ ಕುಡಿಯುತ್ತಾ ಇರುತ್ತದೆ. ಮರ ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ, ಅಗಲಕ್ಕೆ ಉಬ್ಬುತ್ತದೆ. ಅದಕ್ಕೇ ಬಾಗಿಲು ಹಿಡಿ ಇರುವ ಬದಿಯಲ್ಲಿ ತಿಕ್ಕುವುದು. ದಯವಿಟ್ಟು ಜುಲೈ ತಿಂಗಳಲ್ಲಿ ಬಾಗಿಲಿಗೆ ಕೀಸುಳಿ ಹಾಕಿಸಬೇಡಿ. ಜನವರಿಗೆ ಮರ ಒಣಗಿ ಕುಗ್ಗಿದಾಗ ಬೆರಳು ತೂರುವಷ್ಟು ಸಂದು ಬೀಳುತ್ತದೆ, ಆಗ ನಾಲಗೆ ತೂತಿನ ಅಂಚಿನಲ್ಲಿ ಮಾತ್ರ ಸಿಕ್ಕಿಕೊಂಡಿರುತ್ತದೆ. ಸದ್ಯಕ್ಕೆ ತಿಕ್ಕುವ ಜಾಗಕ್ಕೆ ಮೇಣದಬತ್ತಿ ಉಜ್ಜಿ. ದೀಪಾವಳಿ ಕಳೆದು ಮರ ಒಣಗಿದ ಮೇಲೂ ತಿಕ್ಕಿದರೆ ಆಗ ಕೀಸಿ.

ಇನ್ನೊಂದು ವಿಷಯ ಆಚಾರಿಯವರು ತೋರಿಸಿದ್ದು. ಒಂದು ಕನ್ನಡಿಯನ್ನು ಬಾಗಿಲಿನ ಅಡಿಗೆ ಹಿಡಿದು ನೋಡಿ. ಬಹಳ ಮನೆಗಳಲ್ಲಿ ಬಾಗಿಲಿನ ಮೇಲಿನ ಅಂಚಿಗೂ ಅಡಿಯ ಅಂಚಿಗೂ ಬಣ್ಣವನ್ನೇ ಬಳಿದಿರುವುದಿಲ್ಲ. ಎದುರಿಗೆ ಎರಡು ಕೋಟು ಪಾಲಿಶು, ಅಡಿಯಲ್ಲಿ ಬರೀ ಮರ. ಬಾಗಿಲು ನೀರು ಕುಡಿಯುವುದು ಅಲ್ಲಿಂದಲೇ. ನಮ್ಮ ಬಚ್ಚಲಿನ ಬಾಗಿಲೂ ಹಾಗೇ ಇತ್ತು. ಬೇಸಿಗೆಯಲ್ಲಿ ಬಾಗಿಲು ಇಳಿಸಿದಾಗ ಆ ಎರಡು ಅಂಚಿಗೆ ಬಣ್ಣ ಹೊಡೆದರೆ ಮುಂದಿನ ಮಳೆಗಾಲದಲ್ಲಿ ಅರ್ಧ ತೊಂದರೆ ಕಡಿಮೆ.

ಸಡಿಲವಾದ ಸ್ಕ್ರೂ ತೂತಿಗೆ ಊದುಬತ್ತಿ ಕಡ್ಡಿ

ಈ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದೊಂದು ಬಂದರೆ ಮನೆಯ ಅರ್ಧ ಬಾಗಿಲುಗಳು ಸರಿಹೋಗುತ್ತವೆ.

ಸ್ಕ್ರೂ ಬಿಗಿ ಮಾಡಲು ಹೋದಾಗ ಅದು ಸುಮ್ನೆ ತಿರುಗುತ್ತಲೇ ಇದ್ದರೆ, ತೂತಿನೊಳಗಿನ ಮರ ಹುಡಿಯಾಗಿದೆ ಎಂದರ್ಥ. ಹಲವರು ಅದಕ್ಕೆ ಇನ್ನೂ ದಪ್ಪದ ಸ್ಕ್ರೂ ಹೊಡೆಯುತ್ತಾರೆ. ಬಿಜಾಗರಿಯ ತಗಡಿನ ತೂತಿಗೆ ಅದರ ತಲೆ ಕೂರುವುದಿಲ್ಲ. ಎದ್ದು ನಿಂತ ತಲೆ ಬಾಗಿಲು ಹಾಕುವಾಗ ಅಡ್ಡ ಬರುತ್ತದೆ.

ದೇವರ ಕೋಣೆಯಲ್ಲಿ ಉರಿದು ಉಳಿದ ಊದುಬತ್ತಿ ಕಡ್ಡಿಗಳನ್ನು ನಾನು ಈಗ ಬಿಸಾಡುವುದಿಲ್ಲ. ಒಂದು ಡಬ್ಬಿಯಲ್ಲಿ ಹಾಕಿಡುತ್ತೇನೆ. ಅವು ಬಿದಿರು. ಬಿದಿರು ಗಟ್ಟಿ, ಎಣ್ಣೆ ಪಸೆ ಇಲ್ಲ, ಅಂಟನ್ನು ಚೆನ್ನಾಗಿ ಹಿಡಿಯುತ್ತದೆ. ಸ್ಕ್ರೂ ತೆಗೆದು, ತೂತಿನ ಹುಡಿಯನ್ನು ಊದಿ ತೆಗೆಯಿರಿ. ಒಂದು ಕಡ್ಡಿಯ ತುದಿಯಲ್ಲಿ ಫೆವಿಕಾಲ್ ಅದ್ದಿ ತೂತಿನ ಒಳಗೋಡೆಗೆ ಸವರಿ. ಆಮೇಲೆ ಮೂರು ನಾಲ್ಕು ಕಡ್ಡಿಗಳನ್ನು ಫೆವಿಕಾಲ್ ಹಚ್ಚಿ ಒಟ್ಟಿಗೆ ತುರುಕಿ. ಇನ್ನು ಒಂದೂ ಹೋಗುವುದಿಲ್ಲ ಎನ್ನುವವರೆಗೆ ತುಂಬಬೇಕು. ಕೊನೆಯದನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಇಳಿಸಿ. ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಮರದ ಮಟ್ಟಕ್ಕೆ ಕತ್ತರಿಸಿ. ಬೇಸಿಗೆಯಲ್ಲಾದರೆ ಒಂದು ರಾತ್ರಿ ಸಾಕು. ಮಳೆಗಾಲದಲ್ಲಿ ಅಂಟು ಬೇಗ ಒಣಗುವುದಿಲ್ಲ, ಪೂರ್ತಿ ಒಂದು ದಿನ ಬಿಡಿ.

ಮರುದಿನ ಅದರ ನಡುವೆ ಸಣ್ಣ ತೂತು ಕೊರೆಯಿರಿ. ಮನೆಗಳಲ್ಲಿ ಜಾಸ್ತಿ ಬಳಸುವುದು 8 ನಂಬರಿನ ಸ್ಕ್ರೂ. ಅದಕ್ಕೆ 2.5 ಮಿ.ಮೀ. ಡ್ರಿಲ್ ಬಿಟ್ ಸಾಕು, ಹಲಸಿನಂಥ ಗಟ್ಟಿ ಮರವಾದರೆ 3 ಮಿ.ಮೀ. ಬಿಜಾಗರಿಗಾದರೆ ಹಳೆಯದಕ್ಕಿಂತ ಅರ್ಧ ಇಂಚು ಉದ್ದದ ಸ್ಕ್ರೂ ಹಾಕಿ, ಆಗ ತುದಿಗೆ ಹೊಸ ಮರ ಸಿಗುತ್ತದೆ. ಸ್ಕ್ರೂವಿನ ಸುರುಳಿಗೆ ಸ್ವಲ್ಪ ಮೇಣ ಹಚ್ಚಿದರೆ ಸಲೀಸಾಗಿ ಇಳಿಯುತ್ತದೆ. ಕೆಲವರು ಸೋಪು ಹಚ್ಚುತ್ತಾರೆ. ಸೋಪು ತೇವ ಎಳೆಯುತ್ತದೆ, ಕಬ್ಬಿಣದ ಸ್ಕ್ರೂ ಒಳಗೇ ತುಕ್ಕು ಹಿಡಿಯುತ್ತದೆ. ಮೇಣವೇ ಒಳ್ಳೆಯದು.

ಯಾವ ಲೋಹ?

ಇಲ್ಲಿ ನಾನು ದುಡ್ಡು ಕಳೆದುಕೊಂಡೆ. ಮೊದಲ ಸಲ ತಂದ ಎರಡು ಹಿಡಿಗಳು ನೋಡಲು ಬೆಳ್ಳಿ ಹಾಗೆ ಹೊಳೆಯುತ್ತಿದ್ದವು. ಒಂದು ಮಳೆಗಾಲ ಕಳೆಯುವಾಗ ಮೈ ತುಂಬ ಸಣ್ಣ ಸಣ್ಣ ಗುಳ್ಳೆ. ಉಗುರಿನಲ್ಲಿ ಕೆರೆದರೆ ಸಿಪ್ಪೆ ಹಾಗೆ ಎದ್ದುಬಂತು. ಒಳಗೆ ಇದ್ದದ್ದು ಸತುವಿನ ಮಿಶ್ರಲೋಹ, ಮೇಲೆ ಕ್ರೋಮಿನ ತೆಳುವಾದ ಲೇಪ. ಬೆಂಗಳೂರಿನಲ್ಲಿ ಇದೇ ಹಿಡಿ ಹತ್ತು ವರ್ಷ ಬಾಳಬಹುದು. ನಮ್ಮಲ್ಲಿ ಗಾಳಿಯಲ್ಲೇ ಉಪ್ಪು ಉಂಟು.

ಅಂಗಡಿಗೆ ಹೋಗುವಾಗ ಒಂದು ಸಣ್ಣ ಅಯಸ್ಕಾಂತ ಒಯ್ಯಿರಿ. ಗಟ್ಟಿಯಾಗಿ ಅಂಟಿದರೆ ಅದು ಹೆಚ್ಚಾಗಿ ಲೇಪ ಬಳಿದ ಕಬ್ಬಿಣ, ಅಲ್ಲಿಗೇ ಬಿಡಿ. ಆದರೆ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂದು ನಂಬಬೇಡಿ. 304 ಸ್ಟೀಲಿಗೂ ಅಂಟುವುದಿಲ್ಲ, ಅದಕ್ಕಿಂತ ಕಡಿಮೆ ದರ್ಜೆಯ 202 ಸ್ಟೀಲಿಗೂ ಅಂಟುವುದಿಲ್ಲ, ಸತುವಿಗೂ ಅಂಟುವುದಿಲ್ಲ. 304ರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ, ಅದಕ್ಕೇ ಅಗ್ಗ. ಹಾಗಾಗಿ ಪೆಟ್ಟಿಗೆಯ ಮೇಲೆ 304 ಎಂದು ಅಚ್ಚಾಗಿದೆಯಾ ನೋಡಿ, ಬಿಲ್ಲಿನಲ್ಲಿಯೂ ಹಾಗೇ ಬರೆಯಲು ಹೇಳಿ. ಕಡಲ ದಂಡೆಯಲ್ಲೇ ಮನೆ ಇದ್ದವರು, ಪಡುಕೆರೆ, ಉಳ್ಳಾಲ, ತಣ್ಣೀರುಬಾವಿ ಬದಿಯವರು, ಹೊರಗಿನ ಬಾಗಿಲಿಗೆ 316 ಹುಡುಕಬೇಕು. ಅದರಲ್ಲಿ ಎರಡು ಶೇಕಡಾದಷ್ಟು ಮಾಲಿಬ್ಡಿನಮ್ ಇರುತ್ತದೆ, ಉಪ್ಪನ್ನು ತಡೆಯುವುದು ಅದೇ. ಮಾಮೂಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದಿದ್ದರೆ ಮಲ್ಪೆ ಬಂದರಿನ ಬದಿಯಲ್ಲಿ, ಮಂಗಳೂರಾದರೆ ಬಂದರು ಪ್ರದೇಶದಲ್ಲಿ ಬೋಟಿನ ಸಾಮಾನು ಮಾರುವವರಲ್ಲಿ ಕೇಳಿ. ಉಪ್ಪುನೀರಿನ ಜೊತೆ ದಿನಾ ಬದುಕುವವರಿಗೆ ಯಾವ ಲೋಹ ಉಳಿಯುತ್ತದೆ ಎಂದು ಗೊತ್ತಿರುತ್ತದೆ.

304 ಮೇಲೂ ಒಮ್ಮೊಮ್ಮೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಬರುತ್ತದೆ. ಹೆದರಬೇಡಿ, ಅದು ಮೇಲ್ಮೈಯದ್ದು. ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಲ್ಲಿ ತಿಕ್ಕಿದರೆ ಸಾಕು. ಪಾತ್ರೆ ತಿಕ್ಕುವ ಕಬ್ಬಿಣದ ನಾರು ಮಾತ್ರ ಮುಟ್ಟಿಸಬೇಡಿ, ಅದರ ಕಣಗಳು ಅಲ್ಲೇ ಕೂತು ತುಕ್ಕಾಗುತ್ತವೆ.

ಹಿತ್ತಾಳೆ ನನಗೆ ಎಲ್ಲಕ್ಕಿಂತ ಇಷ್ಟ. ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ಕಪ್ಪಾಗುತ್ತದೆ, ಒಮ್ಮೊಮ್ಮೆ ಹಸಿರು ಕಟ್ಟುತ್ತದೆ, ಹುಣಸೆಹುಳಿ ಹಾಕಿ ತಿಕ್ಕಿದರೆ ಮತ್ತೆ ಬೆಳಗುತ್ತದೆ. ನಮ್ಮ ಹೆಬ್ಬಾಗಿಲಿನ ಬಳೆ ಮತ್ತು ಕೊಂಡಿ ಅತ್ತೆಯ ಮಾವನ ಕಾಲದ್ದು. ಅದನ್ನು ಬದಲಿಸಲಿಲ್ಲ, ಬದಲಿಸುವುದೂ ಇಲ್ಲ. ಬಳೆ ಕೂರುವ ಮೊಳೆ ಮಾತ್ರ ಸವೆದಿತ್ತು, ಅದಕ್ಕೆ ಒಳಗಿನಿಂದ ಹೊಸ ವಾಷರು ಹಾಕಿ ಬಿಗಿ ಮಾಡಿದೆ. ನಿಮ್ಮ ಮನೆಯಲ್ಲೂ ಹಳೆಯ ಹಿತ್ತಾಳೆ ಸಾಮಾನು ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ತೊಳೆದು ನೋಡಿ. ಇವತ್ತು ಅಷ್ಟು ದಪ್ಪದ ಹಿತ್ತಾಳೆಯನ್ನು ಕೊಳ್ಳಲು ಹೋದರೆ ಬೆಲೆ ಕೇಳಿ ವಾಪಸು ಬರಬೇಕು.

ಒಂದು ಮಾತು ಮರೆಯಬೇಡಿ: ಹಿಡಿ ಎಷ್ಟೇ ಒಳ್ಳೆಯದಿರಲಿ, ಅದರ ಪೆಟ್ಟಿಗೆಯಲ್ಲಿ ಬರುವ ಸ್ಕ್ರೂಗಳಿಗೂ ಅಯಸ್ಕಾಂತ ಮುಟ್ಟಿಸಿ. ಬಹಳ ಸಲ ಅವು ಲೇಪ ಹಚ್ಚಿದ ಕಬ್ಬಿಣ. ಹಿತ್ತಾಳೆ ಅಥವಾ ಸ್ಟೀಲ್ ತಗಡಿಗೆ ಕಬ್ಬಿಣದ ಸ್ಕ್ರೂ ಹೊಡೆದರೆ, ಉಪ್ಪು ತೇವ ಇರುವಲ್ಲಿ ಮೊದಲು ತಿಂದುಹೋಗುವುದು ಆ ಸ್ಕ್ರೂ. ಹಿಡಿ ಹೊಸದಾಗಿಯೇ ಇರುತ್ತದೆ, ಸ್ಕ್ರೂ ತಲೆ ಉದುರಿರುತ್ತದೆ. ಅಂಗಡಿಯಲ್ಲೇ ಅಷ್ಟೇ ಅಳತೆಯ ಸ್ಟೀಲ್ ಸ್ಕ್ರೂ ಬೇರೆ ತೆಗೆದುಕೊಳ್ಳಿ.

ಅಳತೆ

ಹಳೆಯದನ್ನು ಬಿಚ್ಚಿ ಚೀಲದಲ್ಲಿ ಹಾಕಿ ಅಂಗಡಿಗೆ ಒಯ್ಯುವುದೇ ಎಲ್ಲಕ್ಕಿಂತ ಒಳ್ಳೆಯ ಅಳತೆ. ಆದರೂ ನಾಲ್ಕು ಸಂಖ್ಯೆ ಬರೆದುಕೊಳ್ಳಿ. ಬಾಗಿಲಿನ ದಪ್ಪ, ಒಳಗಿನ ಬಾಗಿಲುಗಳಿಗೆ ಸಾಮಾನ್ಯವಾಗಿ 30 ಅಥವಾ 35 ಮಿ.ಮೀ. ಬಾಗಿಲಿನ ಅಂಚಿನಿಂದ ಹಿಡಿಯ ನಡುವಿಗೆ ಎಷ್ಟು ದೂರ. ಹಿಡಿಯ ನಡುವಿನಿಂದ ಬೀಗದಕೈ ತೂತಿನ ನಡುವಿಗೆ ಎಷ್ಟು ದೂರ, ಇದು ಹೆಚ್ಚಾಗಿ 65 ಅಥವಾ 85 ಮಿ.ಮೀ. ಇರುತ್ತದೆ. ಮತ್ತೆ ಹಿಡಿಯ ತಗಡು ಎಷ್ಟು ಉದ್ದ. ಹೊಸ ತಗಡು ಹಳೆಯದಕ್ಕಿಂತ ಸ್ವಲ್ಪ ಉದ್ದ, ಸ್ವಲ್ಪ ಅಗಲ ಇದ್ದರೆ ಹಳೆಯ ಕಲೆಯೂ ಹಳೆಯ ತೂತುಗಳೂ ಅದರಡಿ ಮುಚ್ಚಿಹೋಗುತ್ತವೆ.

ಸಿಲಿಂಡರ್ (ಬೀಗದಕೈ ಹಾಕುವ ಉರುಳೆ) ಇರುವ ಲಾಕಾದರೆ ಸಿಲಿಂಡರಿನ ಉದ್ದವೂ ಬೇಕು. ನಡುವಿನ ಸ್ಕ್ರೂ ತೂತಿನಿಂದ ಎರಡೂ ಬದಿಗೆ ಬೇರೆ ಬೇರೆ ಅಳೆಯಿರಿ. 35 ಮಿ.ಮೀ. ಬಾಗಿಲಿಗೆ ಸಾಮಾನ್ಯವಾಗಿ ಒಟ್ಟು 60 ಮಿ.ಮೀ. ಸಿಲಿಂಡರ್ ಸಾಕು. ಹೊರಬದಿಗೆ ಜಾಸ್ತಿ ಚಾಚಿಕೊಂಡಿರುವ ಸಿಲಿಂಡರ್ ಕಳ್ಳನಿಗೆ ಹಿಡಿತ ಕೊಡುತ್ತದೆ. ತಗಡಿನಿಂದ 3 ಮಿ.ಮೀ.ಗಿಂತ ಹೊರಗೆ ಬರಬಾರದು. ಗುಂಡು ಲಾಕು, ಅಂದರೆ ಬಾಗಿಲಿನಲ್ಲಿ ದೊಡ್ಡ ದುಂಡು ತೂತು ಕೊರೆದು ಕೂರಿಸುವಂಥದ್ದು, ಅದರ ತೂತು 54 ಮಿ.ಮೀ. ಇರುತ್ತದೆ. ಅದನ್ನು ತೆಗೆದರೆ ಮತ್ತೆ ಅದೇ ಜಾತಿಯದ್ದನ್ನೇ ಹಾಕಬೇಕು. ಆದರೆ ದುಂಡು ಹಿಡಿಯ ಬದಲು ಅದೇ ತೂತಿಗೆ ಕೂರುವ ಉದ್ದ ಹಿಡಿಯದ್ದು ಸಿಗುತ್ತದೆ, ಅದನ್ನೇ ಕೇಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಹಿಡಿ ಮತ್ತು ಲಾಕು ಬದಲಿಸುವುದು

ಮೊದಲ ನಿಯಮ, ಬಾಗಿಲು ತೆರೆದೇ ಇರಲಿ. ಅಡಿಗೆ ಮಡಿಸಿದ ಗೋಣಿ ತುರುಕಿ ಅಲುಗದ ಹಾಗೆ ಮಾಡಿ. ಕೆಲಸ ಪೂರ್ತಿ ಮುಗಿದು, ನಾಲಗೆ ಹತ್ತು ಸಲ ಒಳಹೊರಗೆ ಆಡುವವರೆಗೆ ಬಾಗಿಲು ಮುಚ್ಚಬೇಡಿ. ಹೆಬ್ಬಾಗಿಲಾದರೆ ಬೆಳಿಗ್ಗೆಯೇ ಶುರು ಮಾಡಿ, ಆದಿತ್ಯವಾರ ಬೇಡ. ಒಂದು ಸ್ಕ್ರೂ ಕಡಿಮೆ ಬಿದ್ದರೂ ಅಂಗಡಿ ತೆರೆದಿರಬೇಕು, ರಾತ್ರಿಗೆ ಬಾಗಿಲಿಗೆ ಬೀಗ ಬೀಳಬೇಕು.

ಸಿಲಿಂಡರ್ ಮೊದಲು ತೆಗೆಯಬೇಕು. ಬಾಗಿಲಿನ ಅಂಚಿನಲ್ಲಿ, ಲಾಕಿನ ಪಟ್ಟಿಯ ಮೇಲೆ, ಸಿಲಿಂಡರಿನ ಮಟ್ಟಕ್ಕೆ ಒಂದು ಉದ್ದ ಸ್ಕ್ರೂ ಇರುತ್ತದೆ. ಅದನ್ನು ಪೂರ್ತಿ ಬಿಚ್ಚಿ. ಈಗ ಸಿಲಿಂಡರ್ ಎಳೆದರೆ ಬರುವುದಿಲ್ಲ. ನಾನು ಇಲ್ಲೇ ಅರ್ಧ ಗಂಟೆ ಒದ್ದಾಡಿದೆ. ಬೀಗದಕೈ ಹಾಕಿ ಗಡಿಯಾರದ ಮುಳ್ಳು ಎರಡು ನಿಮಿಷ ಸರಿಯುವಷ್ಟು ಮಾತ್ರ ತಿರುಗಿಸಿ. ನಡುವಿನ ಹಲ್ಲು ಸಿಲಿಂಡರಿನ ಮೈಗೆ ಸಮ ಬಂದಾಗ ಅದು ತಾನಾಗಿ ಜಾರಿ ಬರುತ್ತದೆ. ಬೆರಳಿಗೆ ಆ ಜಾಗ ಗೊತ್ತಾಗುತ್ತದೆ.

ಆಮೇಲೆ ಎರಡೂ ಬದಿಯ ಹಿಡಿಯ ಸ್ಕ್ರೂ ಬಿಚ್ಚಿ. ಒಂದು ಬದಿ ಬಿಚ್ಚುವಾಗ ಇನ್ನೊಂದು ಬದಿಯನ್ನು ಯಾರಾದರೂ ಹಿಡಿದಿರಲಿ, ಇಲ್ಲದಿದ್ದರೆ ಕಾಲ ಮೇಲೆ ಬೀಳುತ್ತದೆ. ನಡುವೆ ಇರುವ ಚೌಕದ ಸರಳು, ಸಾಮಾನ್ಯವಾಗಿ 8 ಮಿ.ಮೀ., ಎಳೆದು ತೆಗೆಯಿರಿ. ಲಾಕಿನ ಪೆಟ್ಟಿಗೆಯನ್ನು ತೆಗೆಯುವ ಮೊದಲು ಅದರ ಪಟ್ಟಿಯ ಸುತ್ತ ಬ್ಲೇಡಿನಿಂದ ಬಣ್ಣವನ್ನು ಗೀರಿ. ಹಾಗೆ ಮಾಡದಿದ್ದರೆ ಪಟ್ಟಿಯ ಜೊತೆ ಬಣ್ಣವೂ ಮರದ ಸಿಬಿರೂ ಎದ್ದುಬರುತ್ತವೆ. ಎರಡು ಸ್ಕ್ರೂ ಬಿಚ್ಚಿ, ಹಿಡಿಯ ತೂತಿನಲ್ಲಿ ತಿರುಪುಳಿ ತೂರಿಸಿ, ಎರಡೂ ಕೈಯಿಂದ ನಿಮ್ಮ ಕಡೆಗೆ ಸಮವಾಗಿ ಎಳೆಯಿರಿ. ಒಳಗಿನ ಗೂಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸ್ವಚ್ಛ ಮಾಡಿ. ಗೂಡಿನಲ್ಲಿ ಗೆದ್ದಲಿನ ಮಣ್ಣು ಕಂಡರೆ ಅಲ್ಲಿಗೇ ನಿಲ್ಲಿಸಿ, ಮೊದಲು ಅದಕ್ಕೆ ಮದ್ದು.

ಹೊಸ ಲಾಕನ್ನು ಕೂರಿಸುವ ಮೊದಲು ನಾಲಗೆಯ ಓರೆ ನೋಡಿ. ಬಾಗಿಲು ಮುಚ್ಚುವಾಗ ದಾರಂದಕ್ಕೆ ಮೊದಲು ತಾಗುವ ಬದಿಗೆ ಓರೆ ಇರಬೇಕು. ತಿರುವು ಮುರುವು ಇದ್ದರೆ, ಬಹಳ ಲಾಕುಗಳಲ್ಲಿ ನಾಲಗೆಯನ್ನು ಎಳೆದು ತಿರುಗಿಸಿ ಹಾಕಬಹುದು. ಕೆಲವಕ್ಕೆ ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತದೆ. ಲಾಕು ಗೂಡಿಗೆ ಬಿಗಿಯಾದರೆ ಸುತ್ತಿಗೆಯಿಂದ ಲಾಕನ್ನು ಹೊಡೆಯಲೇಬಾರದು. ಉಳಿ ತೆಗೆದುಕೊಂಡು ಗೂಡಿನ ಗೋಡೆಯನ್ನು ಒಂದೊಂದು ಚಕ್ಕೆಯಾಗಿ ತೆಗೆಯಿರಿ. ಕೈಯಿಂದ ತಳ್ಳಿದರೆ ಹೋಗಬೇಕು, ಅಷ್ಟೇ.

ಲಾಕಿನ ಎರಡು ಸ್ಕ್ರೂ ಹಾಕಿ. ಸಿಲಿಂಡರ್ ತೂರಿಸಿ, ಉದ್ದ ಸ್ಕ್ರೂ ಅರ್ಧ ಬಿಗಿ ಮಾಡಿ. ಸರಳು ಹಾಕಿ ಹಿಡಿಗಳನ್ನು ಎರಡೂ ಬದಿಯಿಂದ ಕೂರಿಸಿ, ಎಲ್ಲ ಸ್ಕ್ರೂಗಳನ್ನು ಅರ್ಧ ಮಾತ್ರ ಬಿಗಿ ಮಾಡಿ. ಈಗ ಹಿಡಿ ಒತ್ತಿ ಬಿಡಿ. ತಾನಾಗಿ ಮೇಲೆ ಬಂತಾ? ಬೀಗದಕೈ ಸರಾಗ ತಿರುಗಿತಾ? ಬಂದರೆ ಒಂದೊಂದು ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿ, ಪ್ರತಿ ಸಲ ಹಿಡಿ ಒತ್ತಿ ನೋಡಿ. ಎಲ್ಲೋ ಒಂದು ಕಡೆ ಹಿಡಿ ಭಾರವಾದ ಹಾಗೆ ಅನಿಸುತ್ತದೆ. ಆ ಸ್ಕ್ರೂವನ್ನು ಕಾಲು ಸುತ್ತು ವಾಪಸು ಬಿಡಿ. ಜಾಸ್ತಿ ಬಿಗಿ ಮಾಡಿದರೆ ತಗಡು ಬಾಗಿ ಸರಳನ್ನು ಅಮುಕುತ್ತದೆ. ಹಿಡಿಯ ಕತ್ತಿನಲ್ಲಿ ಪುಟ್ಟ ಅಲೆನ್ ಸ್ಕ್ರೂ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವುದು) ಇದ್ದರೆ ಅದನ್ನು ಕೊನೆಗೆ ಬಿಗಿ ಮಾಡಿ. ಹಿಡಿ ಕಳಚಿ ಕೈಗೆ ಬರುವುದು ಹೆಚ್ಚಾಗಿ ಅದು ಸಡಿಲವಾದಾಗ. ಆ ಅಲೆನ್ ಕೀಯನ್ನು ಬಿಸಾಡದೆ ಒಂದು ದಾರ ಕಟ್ಟಿ ಇಟ್ಟುಕೊಳ್ಳಿ.

ಟವರ್ ಬೋಲ್ಟ್, ಅಲ್‌ಡ್ರಾಪ್

ಇವು ಸುಲಭ, ಆದರೆ ಜಾಗ ತಪ್ಪಿದರೆ ದಿನಾ ಕಿರಿಕಿರಿ. ಬೋಲ್ಟನ್ನು ಬಾಗಿಲಿಗೆ ಮೊದಲು ಕೂರಿಸಿ. ಅದರ ತುದಿಗೆ ಮತ್ತೆ ಅದೇ ಸುಣ್ಣ ಹಚ್ಚಿ, ಬಾಗಿಲು ಮುಚ್ಚಿ, ಬೋಲ್ಟನ್ನು ದಾರಂದಕ್ಕೆ ತಾಗಿಸಿ. ಬಿಳಿ ಚುಕ್ಕಿ ಬಿದ್ದಲ್ಲಿ ತೂತು. ಬೋಲ್ಟಿನ ಸರಳು 10 ಮಿ.ಮೀ. ಇದ್ದರೆ ತೂತು 12 ಮಿ.ಮೀ. ಇರಲಿ. ಮಳೆಗಾಲದ ಉಬ್ಬಿಗೆ ಆ ಎರಡು ಮಿಲಿಮೀಟರ್ ಬೇಕೇ ಬೇಕು. ಅಲ್‌ಡ್ರಾಪ್, ಅಂದರೆ ಹೊರಗಿನಿಂದ ಬೀಗ ಹಾಕುವ ಅಡ್ಡ ಚಿಲಕ, ಹಾಕುವಾಗ ಹಳೆಯ ತೂತುಗಳಿಂದ ಒಂದು ಇಂಚು ಮೇಲೆ ಅಥವಾ ಕೆಳಗೆ ಸರಿಸಿ, ಹೊಸ ಮರಕ್ಕೆ ಸ್ಕ್ರೂ ಹಿಡಿಯಲಿ. ಹಳೆಯ ತೂತುಗಳನ್ನು ಮರದ ಹುಡಿ ಮತ್ತು ಫೆವಿಕಾಲ್ ಕಲಸಿ ಮುಚ್ಚಿ.

ಹಿತ್ತಾಳೆ ಸ್ಕ್ರೂ ಮೆತ್ತಗೆ. ಹಲಸಿನ ಮರಕ್ಕೆ ನೇರ ಹೊಡೆದರೆ ತಲೆ ಮುರಿದು ಒಳಗೇ ಉಳಿಯುತ್ತದೆ. ಆಚಾರಿಯವರು ಹೇಳಿಕೊಟ್ಟ ಕ್ರಮ ಇದು: ಅದೇ ಅಳತೆಯ ಕಬ್ಬಿಣದ ಸ್ಕ್ರೂವನ್ನು ಮೊದಲು ಪೂರ್ತಿ ಇಳಿಸಿ ಹಾದಿ ಮಾಡಿ, ಅದನ್ನು ತೆಗೆದು, ಆ ಹಾದಿಯಲ್ಲಿ ಹಿತ್ತಾಳೆಯದ್ದನ್ನು ಮೇಣ ಹಚ್ಚಿ ಕೈಯಿಂದಲೇ ತಿರುಗಿಸಿ. ಇಲ್ಲಿ ಡ್ರಿಲ್ ಮೆಷಿನ್ ಬೇಡ.

ಸಿಮೆಂಟಿನ ದಾರಂದಕ್ಕೆ ಮರ ಕೊರೆಯುವ ಡ್ರಿಲ್ ಬಿಟ್ ಹಾಕಬೇಡಿ, ಗೋಡೆ ಕೊರೆಯುವ ಬಿಟ್ ಬೇಕು. 6 ಮಿ.ಮೀ. ತೂತು, ಅದಕ್ಕೆ ಪ್ಲಾಸ್ಟಿಕ್ ರಾವಲ್ ಪ್ಲಗ್, ಅದರೊಳಗೆ ಸ್ಕ್ರೂ. ತೂತು ಅಂಚಿಗೆ ತೀರಾ ಹತ್ತಿರ ಬಂದರೆ ಸಿಮೆಂಟು ಸಿಡಿಯುತ್ತದೆ, ಒಂದು ಇಂಚಾದರೂ ಒಳಗಿರಲಿ.

ಬಚ್ಚಲಿನ ಬಾಗಿಲು

ಇದಕ್ಕಾಗಿಯೇ ಇಷ್ಟೆಲ್ಲ ಬರೆದೆ.

ಅತ್ತೆಯ ಬೆರಳ ಗಂಟುಗಳು ಬೆಳಗಿನ ಹೊತ್ತು ಊದಿಕೊಂಡಿರುತ್ತವೆ. ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ. ಒಂದು ದಿನ ಅವರ ಕೈಯನ್ನು ಪಕ್ಕದಲ್ಲಿ ಕೂತು ನೋಡಿದೆ. ದುಂಡು ಹಿಡಿಯನ್ನು ತಿರುಗಿಸಲು ಐದೂ ಬೆರಳು ಒತ್ತಬೇಕು, ಮಣಿಕಟ್ಟು ತಿರುಗಬೇಕು. ಸೋಪಿನ ಕೈಯಲ್ಲಿ ಅದು ಜಾರುತ್ತದೆ. ಉದ್ದ ಹಿಡಿಯಾದರೆ ಅಂಗೈಯ ಭಾರ ಹಾಕಿದರೂ ಇಳಿಯುತ್ತದೆ, ಮೊಣಕೈಯಿಂದ ಒತ್ತಿದರೂ ಇಳಿಯುತ್ತದೆ. ನಮ್ಮ ಮಗಳಿಗೂ ಅದೇ ಸುಲಭ. ತುದಿ ಬಾಗಿಲಿನ ಕಡೆಗೆ ಬಾಗಿರುವ ಹಿಡಿ ಆರಿಸಿ, ಸೀರೆ ಸೆರಗು ಸಿಕ್ಕಿಕೊಳ್ಳುವುದಿಲ್ಲ. ನೆಲದಿಂದ ಸುಮಾರು 1 ಮೀಟರ್ ಎತ್ತರ ಎಲ್ಲರಿಗೂ ಸರಿಹೋಗುತ್ತದೆ.

ಒಳಗಿನ ಟವರ್ ಬೋಲ್ಟನ್ನು ನಾನು ಪೂರ್ತಿ ತೆಗೆದುಹಾಕಿದೆ. ಅದರ ಬದಲು ಬಾತ್‌ರೂಮ್ ಲಾಕು ಹಾಕಿದೆ. ಒಳಗೆ ಒಂದು ಸಣ್ಣ ಕಿವಿ ತಿರುಗಿಸಿದರೆ ಬೀಗ ಬೀಳುತ್ತದೆ. ಹೊರಬದಿಯಲ್ಲಿ ಅದೇ ಜಾಗದಲ್ಲಿ ಒಂದು ಗೀರು ಇರುತ್ತದೆ, ನಾಣ್ಯ ಇಟ್ಟು ತಿರುಗಿಸಿದರೆ ಹೊರಗಿನಿಂದ ತೆರೆಯುತ್ತದೆ. ಅಂಗಡಿಯಲ್ಲಿ "ಹೊರಗಿನಿಂದ ನಾಣ್ಯದಲ್ಲಿ ತೆರೆಯುವಂಥದ್ದು" ಎಂದು ಕೇಳಿದರೆ ಕೊಡುತ್ತಾರೆ. ಹಳೆಯ ಲಾಕಿಗೆ ಬರುವ ಸಿಲಿಂಡರಿನಲ್ಲೂ ಈ ಬಗೆ ಸಿಗುತ್ತದೆ, ಆಗ ಸಿಲಿಂಡರ್ ಮಾತ್ರ ಬದಲಿಸಿದರೆ ಸಾಕು. ಹಾಕುವಾಗ ಕಿವಿ ಒಳಗೆ, ಗೀರು ಹೊರಗೆ. ಕಿವಿ ದೊಡ್ಡದಿರಲಿ. ಚೂಪಾದ ಪುಟ್ಟ ಕಿವಿ ಊದಿದ ಬೆರಳಿಗೆ ನೋವು ಕೊಡುತ್ತದೆ. ಅತ್ತೆಯನ್ನೇ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಮೂರು ಬಗೆ ತಿರುಗಿಸಿ ನೋಡಿ, "ಇದು ಆಗ್ತದೆ" ಎಂದು ಅವರೇ ಆರಿಸಿದರು.

ಕೂರಿಸಿದ ಮೇಲೆ ಪರೀಕ್ಷೆ ಮಾಡಿ. ನೀವು ಒಳಗೆ ಹೋಗಿ ಬೀಗ ಹಾಕಿ, ಇನ್ನೊಬ್ಬರು ಹೊರಗಿನಿಂದ ನಾಣ್ಯದಲ್ಲಿ ತೆರೆಯಲಿ. ಆಮೇಲೆ ಕೈಗೆ ಸೋಪು ಹಚ್ಚಿಕೊಂಡು ಒಳಗಿನಿಂದ ನೀವೇ ತೆರೆಯಿರಿ. ದೀಪ ಆರಿಸಿ ಒಮ್ಮೆ ತೆರೆಯಿರಿ, ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು ಮಾಮೂಲು.

ಎಣ್ಣೆಯ ವಿಷಯ

ಲಾಕು ಬಿಗಿಯಾದರೆ ನಮ್ಮ ಕೈ ಮೊದಲು ಹೋಗುವುದು ತೆಂಗಿನೆಣ್ಣೆ ಬಾಟಲಿಗೆ. ಸಿಲಿಂಡರಿನೊಳಗೆ ಅದನ್ನು ಬಿಡಬೇಡಿ. ಎರಡು ದಿನ ಚೆನ್ನಾಗಿ ತಿರುಗುತ್ತದೆ. ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ, ಒಳಗಿನ ಪುಟ್ಟ ಪಿನ್ನುಗಳು ಮೇಲೇಳುವುದಿಲ್ಲ. ಪೆನ್ಸಿಲಿನ ಮೊನೆಯನ್ನು ಬ್ಲೇಡಿನಿಂದ ಕೆರೆದು ನುಣ್ಣಗೆ ಹುಡಿ ಮಾಡಿ, ಬೀಗದಕೈಗೆ ಸವರಿ, ಒಳಗೆ ಹಾಕಿ ಹತ್ತು ಸಲ ತಿರುಗಿಸಿ. ಮೊದಲ ಸಲ ಕೈ ಕಪ್ಪಾಗುತ್ತದೆ, ಒರೆಸಿಕೊಳ್ಳಿ. ಬಿಜಾಗರಿಗೂ ನಾಲಗೆಗೂ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ. ಟವರ್ ಬೋಲ್ಟಿನ ಸರಳಿಗೆ ಮೇಣ. ನಾನು ಇದನ್ನು ವರ್ಷಕ್ಕೆ ಎರಡು ಸಲ ಮಾಡುತ್ತೇನೆ, ಮೇ ತಿಂಗಳ ಕೊನೆಗೆ ಒಮ್ಮೆ, ನವರಾತ್ರಿಗೆ ಮನೆ ಒರೆಸುವಾಗ ಒಮ್ಮೆ. ಹೊಸದಾಗಿ ಹಾಕಿದ ಹಿಡಿಗಳ ಸ್ಕ್ರೂಗಳನ್ನು ಮಾತ್ರ ಹದಿನೈದು ದಿನ ಕಳೆದ ಮೇಲೆ ಒಮ್ಮೆ ಮುಟ್ಟಿ ನೋಡಿ, ಒಂದೆರಡು ಕಾಲು ಸುತ್ತು ಸಡಿಲವಾಗಿರುತ್ತವೆ.

ಬಚ್ಚಲಿನ ದಾರಂದದ ಹೊರಬದಿಯಲ್ಲಿ, ಮಗಳ ಕೈಗೂ ಎಟುಕುವ ಎತ್ತರದಲ್ಲಿ ಒಂದು ಮೊಳೆ ಹೊಡೆದಿದ್ದೇನೆ. ಅದಕ್ಕೆ ಸಣ್ಣ ಬಟ್ಟೆ ಚೀಲ ಕಟ್ಟಿ, ಒಳಗೆ ಎರಡು ರೂಪಾಯಿಯ ನಾಣ್ಯ ಹಾಕಿಟ್ಟಿದ್ದೇನೆ. ಅದನ್ನು ಯಾರೂ ಬೇರೆ ಖರ್ಚಿಗೆ ತೆಗೆಯುವಂತಿಲ್ಲ. ಮನೆಗೆ ಬಂದು ಉಳಿಯುವ ನೆಂಟರಿಗೂ ಮೊದಲ ದಿನವೇ ಅದನ್ನು ತೋರಿಸುತ್ತೇವೆ.